ಗೋಕಾಕ್ ಫಾಲ್ಸ್‌ಗೆ ಮಳೆಗಾಲದಲ್ಲಿ ಕ್ಯಾಮೆರಾ ಒಯ್ಯುವಾಗ

ಘಟಪ್ರಭಾ ತುಂಬಿ ಹರಿಯುವಾಗ ಗೋಕಾಕ್ ಫಾಲ್ಸ್ ಎದುರು ನಿಂತರೆ ಮಳೆ ಇಲ್ಲದಿದ್ದರೂ ಲೆನ್ಸ್ ಮೇಲೆ ತುಂತುರು ಬಂದು ಕೂರುತ್ತದೆ, ಅಲ್ವಾ? ಅದಕ್ಕೆ ಮನೆಯಲ್ಲೇ ತಯಾರಾಗಿ. ದೊಡ್ಡ ಪ್ಲಾಸ್ಟಿಕ್ ಚೀಲದ ತಳಕ್ಕೆ ಲೆನ್ಸ್ ಹುಡ್‌ನಷ್ಟೇ (ಲೆನ್ಸ್ ತುದಿಗೆ ಹಾಕುವ ಮರೆ) ತೂತು ಮಾಡಿ, ಕ್ಯಾಮೆರಾ ಒಳಗಿಟ್ಟು ಹುಡ್ ಹೊರಗೆ ತೂರಿಸಿ, ಅದರ ಸುತ್ತ ರಬ್ಬರ್ ಬ್ಯಾಂಡ್ ಹಾಕಿ, ಚೀಲದ ಬಾಯಿಂದ ಕೈ ತೂರಿಸಿ ಕ್ಲಿಕ್ ಮಾಡಿ. ಅಲ್ಲಿ ಲೆನ್ಸ್ ಮಾತ್ರ ಬದಲಿಸಲೇಬೇಡಿ.

ಏಸಿ ಕಾರಿನಿಂದ ಇಳಿದ ಕೂಡಲೇ ಕ್ಯಾಮೆರಾ ತೆಗೆದರೆ ಗಾಜು ಮಂಜಾಗುತ್ತದೆ. 20-30 ನಿಮಿಷ ಬ್ಯಾಗಿನಲ್ಲೇ ಇರಲಿ. ಒದ್ದೆಯಾದರೆ ಉಜ್ಜಬೇಡಿ, ಒಣ ಬಟ್ಟೆ ಒತ್ತಿ ನೀರು ಹೀರಿಸಿ.

ಮನೆಗೆ ಬಂದ ಮೇಲೆ ಬ್ಯಾಟರಿ, ಕಾರ್ಡ್ ತೆಗೆದು ಫ್ಯಾನ್ ಗಾಳಿಗೆ ಇಡಿ. ಅಕ್ಕಿ ಡಬ್ಬಿಯಲ್ಲಿ ಹೂತಿಡುವುದು ಬೇಡ, ಅದರ ಪುಡಿ ಒಳಗೆ ಸೇರುತ್ತದೆ. ಪೂರ್ತಿ ಒಣಗಿದ ಮೇಲೆ ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬಿಗೆ ಸೇರಿಸಿ. ಕಪಾಟಿನಲ್ಲಿ ಸುಮ್ನೆ ಇಟ್ಟರೆ ಈ ತೇವಕ್ಕೆ ಲೆನ್ಸ್ ಒಳಗೆ ಫಂಗಸ್ ಹಿಡಿಯಬಹುದು.