ಮೊದಲ ಮಳೆಗೆ ಕೂರಿಗೆ ಹೂಡದೆ ನಿಲ್ಲುವುದು

ಗದಗ ಸೀಮೆಯ ಎರೆ (ಕಪ್ಪು ಮಣ್ಣಿನ) ಹೊಲಗಳಲ್ಲಿ ರೋಹಿಣಿ ಮಳೆ ಒಂದು ಹೊಡೆತ ಬಿದ್ದು, ಮರುದಿನ ಪಕ್ಕದವರು ಕೂರಿಗೆ (ಎತ್ತು ಎಳೆಯುವ ಬಿತ್ತನೆ ಸಾಧನ) ಹೂಡಿದರೆ ಮುಗಿಯಿತು, ಮನೆಯಲ್ಲಿ ಕೂರಲು ಮನಸ್ಸು ಒಪ್ಪುವುದಿಲ್ಲ. ಅವರ ಎತ್ತು ನೋಡಿ ಬಂದ ಅವಸರ ಅದು. ನಮ್ಮ ನೆಲ ಇನ್ನೂ ಏನೂ ಹೇಳಿರುವುದಿಲ್ಲ. ಅದಕ್ಕೇ ಹೆಸರುಕಾಳು ಬಿತ್ತುವ ತೀರ್ಮಾನವನ್ನು ಮೇ ತಿಂಗಳಲ್ಲೇ, ತಲೆ ತಣ್ಣಗಿರುವಾಗ, ಕ್ಯಾಲೆಂಡರಿನ ಮೇಲೆ ಬರೆದಿಡುತ್ತೇನೆ: ಹಸಿ ಒಂದು ಗೇಣು ಇಳಿದರೆ ಬಿತ್ತಿಗೆ. ಜುಲೈ 5ರ ಹೊತ್ತಿಗೆ, ಅಂದರೆ ಆರಿದ್ರಾ ಮಳೆ ಮುಗಿಯುವಷ್ಟರಲ್ಲಿ, ಇಳಿಯದಿದ್ದರೆ ಹೆಸರು ಬೇಡ, ಹೊಲ ಹಿಂಗಾರಿ ಕಡಲೆಗೆ.

ಹಸಿ ನೋಡುವುದರಲ್ಲೇ ಮೋಸ ಹೋಗುವುದು ಹೆಚ್ಚು. ಬಿರುಕಿನಲ್ಲಿ ಅಗೆದರೆ ನೀರು ಆಳಕ್ಕೆ ಇಳಿದಂತೆ ಕಾಣುತ್ತದೆ. ಎರಡು ಬಿರುಕಿನ ನಡುವಿನ ಗಟ್ಟಿ ನೆಲದಲ್ಲಿ, ಮೇಲಿನ ಬದು, ನಡು ಹೊಲ, ಕೆಳಗಿನ ಬದು ಹೀಗೆ ಮೂರು ಕಡೆ ಗುದ್ದಲಿ ಹಾಕಬೇಕು. ಗುಣಿಯ ತಳದ ಮಣ್ಣನ್ನು ಮುಷ್ಟಿಯಲ್ಲಿ ಒತ್ತಿ, ಸೊಂಟದೆತ್ತರದಿಂದ ಬಿಡುತ್ತೇನೆ. ಉಂಡೆ ಕಟ್ಟಿ, ಬಿದ್ದಾಗ ಒಡೆದರೆ ಹದ. ಅಂಗೈಗೆ ಮೆತ್ತಿದರೆ ಇನ್ನೂ ಒಂದೆರಡು ದಿನ ಬಿಡಬೇಕು, ಇಲ್ಲದಿದ್ದರೆ ಕೂರಿಗೆಯ ತಾಳಿನ (ಬೀಜ ಇಳಿಯುವ ಕೊಳವೆಯ) ಬಾಯಿಗೆ ಕೆಸರು ಕಟ್ಟಿ ಬೀಜ ಇಳಿಯದೆ ಸಾಲು ಖಾಲಿ ಬೀಳುತ್ತದೆ. ಮೇಲೆ ಎರಡು ಬೆರಳು ಹಸಿ, ಕೆಳಗೆ ಒಣ ಇದ್ದಾಗ ಬಿತ್ತಿದರೆ ಮೊಳಕೆ ಬರುತ್ತದೆ. ಬೇರು ಒಣ ಮಣ್ಣಿಗೆ ತಾಗಿ, ನಾಲ್ಕು ದಿನ ಬಿಸಿಲು ಬಿದ್ದರೆ ಮುರುಟುತ್ತದೆ.

ಕಾಯುವ ದಿನಗಳಲ್ಲಿ ಬೀಜ ಪರೀಕ್ಷೆ. 100 ಕಾಳು ಎಣಿಸಿ, ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿಟ್ಟು, ಐದನೇ ದಿನ ಬಿಚ್ಚುವುದು. 75 ಮೊಳೆತಿದ್ದರೆ ಎಕರೆಗೆ 6 ಕೆಜಿ. 60 ಮಾತ್ರ ಮೊಳೆತರೆ ಏಳೂವರೆ. ಅದಕ್ಕೂ ಕಡಿಮೆಯಾದರೆ ಬೀಜವನ್ನೇ ಬದಲಿಸಬೇಕು.

ಗಡುವು ದಾಟಿದ ಮೇಲೆ ಬರುವ ಒಳ್ಳೆಯ ಮಳೆಗೆ ತಡೆದುಕೊಳ್ಳುವುದೇ ಎಲ್ಲಕ್ಕಿಂತ ಕಷ್ಟ. ಹೆಸರು 65–70 ದಿನದ ಬೆಳೆ. ಜುಲೈ ಕೊನೆಗೆ ಬಿತ್ತಿದರೆ ಬಿಡಿಸುವುದು ಅಕ್ಟೋಬರ್ ಹತ್ತಿರ ಬರುತ್ತದೆ. ಆಗಿನ ಮಳೆಗೆ ಕಾಳು ಬುಡ್ಡಿಯಲ್ಲೇ (ಕಾಯೊಳಗೇ) ಮೊಳೆಯುತ್ತದೆ, ಕಡಲೆಗೆ ಹೊಲವೂ ತಡವಾಗುತ್ತದೆ. ‘ಅರ್ಧ ಹೊಲ ಬಿತ್ತಿ ನೋಡೋಣ’ ಅನ್ನುವುದಕ್ಕೂ ನಾನು ಒಪ್ಪುವುದಿಲ್ಲ, ಅದೂ ಅವಸರದ ಮಾತೇ.

ಆದರೆ ಕೂರಿಗೆ ಹೂಡಿದ ಮೇಲೆ ಲೆಕ್ಕ ಬಿಡುತ್ತೇನೆ. ಕೂರಿಗೆಯ ಬಟ್ಟಲಿಗೆ ಬೀಜ ಬಿಡುವ ಕೈ ಎತ್ತಿನ ಹೆಜ್ಜೆಗೆ ತಾನೇ ಹೊಂದಿಕೊಳ್ಳುತ್ತದೆ. ಎಣಿಸಲು ಹೋದರೆ ಸಾಲು ಕೆಡುತ್ತದೆ. ಒಂದು ಎಕರೆ ಮುಗಿದ ಮೇಲೆ ಚೀಲದಲ್ಲಿ ಉಳಿದದ್ದನ್ನು ತೂಗುವುದು. ಅರ್ಧ ಕೆಜಿ ಹೆಚ್ಚು ಹೋಗಿದ್ದರೆ ಮುಂದಿನ ಎಕರೆಗೆ ಮುಷ್ಟಿ ಸ್ವಲ್ಪ ಬಿಗಿ.