ವಿನ್ಯಾಸದ ಟೆಂಡರ್: ಎಡವುವುದು ಅಂಕದ ಲೆಕ್ಕದಲ್ಲಿ

ಕುರ್ಚಿ, ಸಿಮೆಂಟು ಕೊಳ್ಳುವ ಟೆಂಡರ್ ನಮೂನೆಯನ್ನೇ ಅಷ್ಟಿಷ್ಟು ತಿದ್ದಿ ಆರ್ಕಿಟೆಕ್ಟ್, ಎಂಜಿನಿಯರ್‌ಗಳನ್ನು ಕರೆಯುವ ಸರ್ಕಾರಿ ಇಲಾಖೆಗಳಿವೆ. ಕುರ್ಚಿಯನ್ನು ಕೂತು ನೋಡಬಹುದು. ನಕ್ಷೆ ಇನ್ನೂ ಹುಟ್ಟಿಯೇ ಇರುವುದಿಲ್ಲ.

ಮೊದಲು ಕೆಲಸದ ವ್ಯಾಪ್ತಿ ಬರೆಯಿರಿ. ಮಣ್ಣು ಪರೀಕ್ಷೆ, ಸರ್ವೆ ಯಾರ ಪಾಲಿಗೆ? ನಕ್ಷೆಯನ್ನು ಎಷ್ಟು ಸಲ ತಿದ್ದಿಸಬಹುದು? ಕಟ್ಟುವಾಗ ಸ್ಥಳಕ್ಕೆ ಎಷ್ಟು ಭೇಟಿ? ಇದು ಬರವಣಿಗೆಯಲ್ಲಿ ಇಲ್ಲದಿದ್ದರೆ ಒಬ್ಬರು ಎಲ್ಲ ಸೇರಿಸಿ, ಇನ್ನೊಬ್ಬರು ಎಲ್ಲ ಬಿಟ್ಟು ಶುಲ್ಕ ಹೇಳುತ್ತಾರೆ. ಇಲಾಖೆಯದೇ ಒಂದು ಅಂದಾಜನ್ನೂ ಈಗಲೇ ಮಾಡಿಡಿ.

ಪ್ರಕಟಣೆ, ಅರ್ಜಿ, ಕಿರುಪಟ್ಟಿ ಸಲೀಸು. ತಾಂತ್ರಿಕ ಪ್ರಸ್ತಾವ ಒಂದು ಲಕೋಟೆಯಲ್ಲಿ, ಶುಲ್ಕ ಇನ್ನೊಂದರಲ್ಲಿ. ಅಂಕಪಟ್ಟಿಗೆ ಸಹಿ ಬೀಳುವವರೆಗೆ ಎರಡನೆಯದನ್ನು ಮುಟ್ಟಬೇಡಿ.

ಎಡವಟ್ಟಾಗುವುದು ಅಂಕದಲ್ಲಿ. ಗುಣಮಟ್ಟಕ್ಕೆ 70, ಶುಲ್ಕಕ್ಕೆ 30 ಎಂದಿಟ್ಟುಕೊಳ್ಳಿ. ಮೊದಲ ಸಂಸ್ಥೆಗೆ ತಾಂತ್ರಿಕ ಅಂಕ 88, ಶುಲ್ಕ 50 ಲಕ್ಷ. ಎರಡನೆಯದಕ್ಕೆ 78, 40 ಲಕ್ಷ. ಅತಿ ಕಡಿಮೆ ಶುಲ್ಕಕ್ಕೆ 100 ಅಂಕ. ಆ ಶುಲ್ಕವನ್ನು ಉಳಿದವರ ಶುಲ್ಕದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಅವರ ಅಂಕ. ಹಾಗಾಗಿ ಮೊದಲನೆಯದಕ್ಕೆ 80. ತಾಂತ್ರಿಕ ಅಂಕದ ಶೇ 70, ಶುಲ್ಕದ ಅಂಕದ ಶೇ 30 ಕೂಡಿದರೆ ಒಟ್ಟು 85.6, 84.6, ಮೊದಲನೆಯದು ಗೆದ್ದಿತು. 50:50 ಇಟ್ಟಿದ್ದರೆ 84, 89. ಫಲಿತಾಂಶವೇ ತಿರುಗುಮುರುಗು!

ಈಗ 72 ಅಂಕದ ಮೂರನೆಯವರು 16 ಲಕ್ಷಕ್ಕೆ ಬಂದರು. 70:30ರಲ್ಲೇ ಅವರಿಗೆ 80.4, ಮೊದಲಿನವರು 71.2ಕ್ಕೆ, ಎರಡನೆಯವರು 66.6ಕ್ಕೆ ಕುಸಿದರು. ಕನಿಷ್ಠ ತಾಂತ್ರಿಕ ಅಂಕ 75 ಎಂದು ಮೊದಲೇ ಬರೆದಿದ್ದರೆ ಆ ಲಕೋಟೆ ತೆರೆಯುವ ಪ್ರಶ್ನೆಯೇ ಇರಲಿಲ್ಲ. 60 ಇಡುವವರು ಜರಡಿಯ ಬದಲು ಬಾಗಿಲನ್ನೇ ಇಟ್ಟಂತೆ. ವಾರ್ಷಿಕ ವಹಿವಾಟಿಗೂ ಅಂಕ ಬೇಡ; ಅದು ಅರ್ಹತೆಯ ಷರತ್ತಾಗಿದ್ದರೆ ಸಾಕು. ಅಂಕದ ದೊಡ್ಡ ಪಾಲು ಕೆಲಸ ಮಾಡುವ ತಂಡಕ್ಕೆ, ಅವರ ವಿಧಾನಕ್ಕೆ ಹೋಗಲಿ. ‘ಉತ್ತಮ ಅನುಭವ: 20 ಅಂಕ’ ಎಂದಷ್ಟೇ ಬರೆದರೆ ಅಂಕ ಹಾಕುವ ಸಮಿತಿಯ ಐವರು ಸದಸ್ಯರು ಐದು ಬಗೆಯಲ್ಲಿ ಕೊಡುತ್ತಾರೆ. ಎಂಥ ಕಟ್ಟಡ, ಎಷ್ಟು ಮುಗಿಸಿದ್ದಾರೆ, ಒಂದಕ್ಕೆ ಎಷ್ಟು ಅಂಕ ಎಂದು ಬಿಡಿಸಿ ಬರೆಯಿರಿ.

ಅಮೆರಿಕದ ಫೆಡರಲ್ ಇಲಾಖೆಗಳಿಗೆ ಈ ಗುಣಾಕಾರವೇ ಇಲ್ಲ. 1972ರ ಬ್ರೂಕ್ಸ್ ಕಾಯ್ದೆಯಂತೆ ಅರ್ಹತೆಯ ಮೇಲೆ ಕನಿಷ್ಠ ಮೂರು ಸಂಸ್ಥೆಗಳನ್ನು ಕ್ರಮವಾಗಿ ಆರಿಸಿ, ಮೊದಲನೆಯದರೊಂದಿಗೆ ಶುಲ್ಕ ಮಾತಾಡುತ್ತಾರೆ. ಕುದುರದಿದ್ದರೆ ಆ ಮಾತುಕತೆ ಮುಗಿಸಿ ಎರಡನೆಯದು. ಕ್ಲಿಷ್ಟ ಕೆಲಸಕ್ಕೆ ಇದೇ ಮೇಲು. ಆದರೆ ಕೈಯಲ್ಲಿ ಸ್ವಂತ ಅಂದಾಜಿಲ್ಲದೆ ಚೌಕಾಸಿಗೆ ಕೂರಬೇಡಿ.

ಕರಾರಿನಲ್ಲಿ ಪ್ರಸ್ತಾವದ ಎಂಜಿನಿಯರ್‌ಗಳ ಹೆಸರು ಇರಲಿ, ಬದಲಿಸಲು ಲಿಖಿತ ಒಪ್ಪಿಗೆ ಬೇಕೆಂದಿರಲಿ. ಇಲ್ಲವಾದರೆ ಅಂಕ ತಂದ ಹಿರಿಯರು ಮೊದಲ ಸಭೆಯ ನಂತರ ಕಾಣಿಸುವುದಿಲ್ಲ.