ಕೇಬಲ್ ತಾಳುತ್ತದೆ, ಹಿಡಿದುಕೊಂಡಿರುವುದು ತಾಳುತ್ತದೆಯೇ?

ಮೈಸೂರಿನ ಹುಣಸೂರು ರಸ್ತೆ ಕಡೆಯ ಒಂದು ಕಟ್ಟಡದ ನೆಲಮಾಳಿಗೆ. ಫೈರ್ ಅಲಾರಂ ಮತ್ತು ಹೊಗೆ ಎಳೆಯುವ ಫ್ಯಾನುಗಳ ವೈರಿಂಗ್ ನನ್ನ ಪಾಲಿಗೆ ಬಂದಿತ್ತು. 950 ಡಿಗ್ರಿ ಉರಿಯಲ್ಲಿ ಮೂರು ಗಂಟೆ ಕೆಲಸ ಮಾಡುವ ಕೇಬಲ್ ತರಿಸಿದ್ದೆವು. ಅಷ್ಟು ದುಡ್ಡು ಸುರಿದ ಕೇಬಲನ್ನು ಮೊದಲ ನಲವತ್ತು ಮೀಟರ್ ನೈಲಾನ್ ಟೈ ಹಾಕಿಯೇ ಕಟ್ಟಿಸಿಬಿಟ್ಟಿದ್ದೆ. ಇಪ್ಪತ್ತು ವರ್ಷದ ಅಭ್ಯಾಸ. ಕೈ ತಾನಾಗಿ ಟೈ ಪೊಟ್ಟಣಕ್ಕೆ ಹೋಗುತ್ತದೆ.

ತಪಾಸಣೆಗೆ ಬಂದ ಹಿರಿಯ ಇಂಜಿನಿಯರ್ ಬೈಯಲಿಲ್ಲ. ಒಂದು ಟೈಗೆ ಮೊಳೆ ಪೊಟ್ಟಣ ಜೋತುಹಾಕಿಸಿ, ಕೆಳಗೆ ಲೈಟರ್ ಹಿಡಿದರು. ಟೈ ಮೇಣದಂತೆ ಹೊಳೆಯಿತು, ದಾರದಂತೆ ಎಳೆ ಬಿಟ್ಟಿತು, ಪೊಟ್ಟಣ ದಡ್ಡನೆ ಬಿದ್ದು ಮೊಳೆಗಳೆಲ್ಲ ಚೆಲ್ಲಿದವು. "ನೈಲಾನ್ 260 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ ಸ್ವಾಮಿ, ನಿಮ್ಮ 950 ಯಾರಿಗೆ?" ಎಂದರು. 2010ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್‌ನ ಶರ್ಲಿ ಟವರ್ಸ್‌ನಲ್ಲಿ ಬೆಂಕಿ ಆರಿಸಲು ಹೋದ ಇಬ್ಬರು ಅಗ್ನಿಶಾಮಕ ಸಿಬ್ಬಂದಿ ಸತ್ತಿದ್ದನ್ನೂ ಹೇಳಿದರು. ಅಲ್ಲಿ ಪ್ಲಾಸ್ಟಿಕ್ ಆಸರೆ ಕರಗಿ, ಕೇಬಲ್‌ಗಳು ಬಲೆಯಂತೆ ಜೋತುಬಿದ್ದಿದ್ದವು. 2018ರ ಬ್ರಿಟಿಷ್ ವೈರಿಂಗ್ ನಿಯಮ, ಕಟ್ಟಡದಲ್ಲಿ ಎಲ್ಲೇ ಆಗಲಿ, ಬೆಂಕಿಗೆ ಕೇಬಲ್ ಬೇಗ ಕಳಚಿ ಬೀಳದಂತೆ ಆಸರೆ ಕೊಡಬೇಕು ಎನ್ನುತ್ತದೆ.

ಮರುದಿನ ಎಲ್ಲವನ್ನೂ ಕತ್ತರಿಸಿ ಇಳಿಸಿದೆವು. ಸ್ಟೀಲ್ ಕ್ಲಿಪ್ ತಂದೆವು. ನಿಜವಾದ ಪಾಠ ಸಿಕ್ಕಿದ್ದು ಅಲ್ಲಿಂದ ಮುಂದೆ. ಹುಡುಗರು ಕ್ಲಿಪ್ಪನ್ನು ಚೆನ್ನಾಗಿಯೇ ಕೂರಿಸಿದ್ದರು, ಆದರೆ ತೂತಿನೊಳಗೆ ಹಾಕಿದ್ದು ಪ್ಲಾಸ್ಟಿಕ್ ಪ್ಲಗ್! ಹೊರಗಿನಿಂದ ನೋಡಿದರೆ ಬರೀ ಸ್ಟೀಲ್. ಒಂದು ಸ್ಕ್ರೂ ಬಿಚ್ಚಿಸಿದ ಮೇಲೆ ಗೊತ್ತಾಯಿತು. ಆಮೇಲೆ ತೂತಿನೊಳಗೆ ಬಿಗಿಯಾಗಿ ಕೂತು ಸ್ಕ್ರೂ ಹಿಡಿಯುವ ಲೋಹದ ಆಂಕರ್ ಹೊರತು ಬೇರೇನೂ ಸೈಟಿನೊಳಗೆ ಬರಕೂಡದೆಂದು ಪ್ಲಗ್ ಡಬ್ಬಗಳನ್ನು ಗಾಡಿಗೆ ತುಂಬಿ ವಾಪಸ್ ಕಳಿಸಿದೆ.

ತೂತು ಹೊಡೆಯುವ ಮೊದಲು ಸ್ಲ್ಯಾಬಿನ ನಕ್ಷೆ ನೋಡಲೇಬೇಕು. ಪೋಸ್ಟ್ ಟೆನ್ಷನ್ ಸ್ಲ್ಯಾಬಾದರೆ ಒಳಗಿನ ಬಿಗಿದ ತಂತಿಗೆ ಡ್ರಿಲ್ ತಗುಲಿದರೆ ಕಥೆ ಮುಗಿಯಿತು. ನಮ್ಮದು ಸಾಮಾನ್ಯ ಸ್ಲ್ಯಾಬ್. ಡ್ರಿಲ್ ಬಿಟ್‌ಗೆ ಟೇಪ್ ಸುತ್ತಿ ಆಳ ಗುರುತು ಮಾಡಿಕೊಂಡೆವು. ಕಂಬಿ ಸಿಕ್ಕಿದರೆ ಅದೇ ತೂತನ್ನು ಓರೆಯಾಗಿ ಕೊರೆಯದೆ ಪಕ್ಕಕ್ಕೆ ಸರಿಯುತ್ತಿದ್ದೆವು. ತೂತಿನ ಪುಡಿಯನ್ನು ಪಂಪಿನಿಂದ ಊದಿ ತೆಗೆದೆವು. ಪುಡಿ ಉಳಿದರೆ ಆಂಕರ್ ಬಿಗಿದಂತೆ ಕಾಣುತ್ತದೆ, ಎಳೆದರೆ ಕೈಗೇ ಬರುತ್ತದೆ. ಕೇಬಲ್ ತಯಾರಕರ ಹಾಳೆಯಂತೆ 30 ಸೆಂಟಿಮೀಟರಿಗೊಂದು ಕ್ಲಿಪ್.

ಫ್ಯಾನುಗಳ ದಪ್ಪ ಕೇಬಲ್‌ಗಳಿಗೆ ಥ್ರೆಡ್ ರಾಡಿನಿಂದ, ಅಂದರೆ ಮೈತುಂಬ ಸ್ಕ್ರೂ ಮರೆ ಇರುವ ಉಕ್ಕಿನ ಸರಳಿನಿಂದ, ಕೇಬಲ್ ಹೊರುವ ಟ್ರೇ ತೂಗಿಸಿದೆವು. 600 ಡಿಗ್ರಿಯ ಹೊತ್ತಿಗೆ ಉಕ್ಕಿನ ಬಲ ಸುಮಾರು ಅರ್ಧಕ್ಕೆ ಇಳಿದಿರುತ್ತದೆ. ಹಾಗಾಗಿ ಆಂಕರ್ ಪೊಟ್ಟಣದ ಮೇಲಿನ ಮಾಮೂಲಿ ಭಾರದ ಲೆಕ್ಕ ಇಲ್ಲಿ ನಡೆಯದು, ಬೆಂಕಿ ಪರೀಕ್ಷೆಯ ಲೆಕ್ಕವನ್ನೇ ಕೇಳಿ ಪಡೆಯಬೇಕು. ಒಂದೆಡೆ ತಂತಿ ಹಗ್ಗದಲ್ಲಿ ತೂಗುಹಾಕೋಣವೆಂದು ಹಗ್ಗವನ್ನು ಕಚ್ಚಿ ಹಿಡಿಯುವ ಲಾಕ್ ತರಿಸಿದ್ದೆವು. ಹಗ್ಗವೇನೋ ಉಕ್ಕು, ಲಾಕಿನ ಮೈ ಸತು ಮಿಶ್ರಲೋಹ. ಸತು ಕರಗುವುದು 419 ಡಿಗ್ರಿಗೆ. ಅಂಗಡಿಯವರು "ಲೋಹವೇ ತಾನೆ ಸಾರ್" ಎಂದು ವಾದಿಸಿದರು. ನಾನು ಬಿಲ್ ಸಮೇತ ಹಿಂದಿರುಗಿಸಿದೆ.

ಕೊನೆಯ ದಿನ ಇಂಜಿನಿಯರ್ ಏಣಿ ಹತ್ತಿ ತಾವೇ ಆರಿಸಿಕೊಂಡ ಮೂರು ಸ್ಕ್ರೂ ಬಿಚ್ಚಿಸಿದರು. ಮೂರರಲ್ಲೂ ಲೋಹವೇ ಇತ್ತು. ಏಣಿ ಇಳಿದು ಕೈ ಒರೆಸಿಕೊಂಡು, ಕಾಫಿ ಕುಡಿಯೋಣ ನಡೆಯಿರಿ ಎಂದರು.